ಹಳದಿ ದೀಪ ಮತ್ತು ಅರ್ಥ್ ಬೋಲ್ಟು



ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಗಲ್ಲಿಗಳಲ್ಲಿ ಜೀನ್ಸ್ ಬಂಡಲ್ ಹೊತ್ತ ಪಿಕಪ್ ಗಾಡಿಗಳು ಬೆಳಗಿನಿಂದ ರಾತ್ರಿಯವರೆಗೂ ಓಡಾಡುತ್ತಲೇ ಇರುತ್ತವೆ. ಕತ್ತರಿಸಿದ ಬಟ್ಟೆ ಹೊಲಿಗೆಯವರ ಮನೆಗೆ, ಹೊಲಿದ ಪ್ಯಾಂಟು ವಾಷಿಂಗಿಗೆ, ಅಲ್ಲಿಂದ ಇಸ್ತ್ರಿಗೆ, ಕೊನೆಗೆ ಲಾರಿ ಆಫೀಸಿಗೆ. ಗಲ್ಲಿ ಸಣ್ಣದು. ಎದುರಿಗೊಂದು ಆಟೋ ಬಂದರೆ ಇಬ್ಬರಲ್ಲೊಬ್ಬರು ಹಿಂದೆ ಸರಿಯಲೇಬೇಕು. ಆಗ ಡ್ರೈವರ್ ನಿಂತಲ್ಲೇ ಸ್ಟೀರಿಂಗ್ ಫುಲ್ ಕಟ್ ಹೊಡೆದು ಎರಡಡಿ ಹಿಂದೆ, ಮತ್ತೆ ಈ ಕಡೆಗೆ ಫುಲ್ ಕಟ್ ಹೊಡೆದು ಎರಡಡಿ ಮುಂದೆ, ಹೀಗೆ ಗಾಡಿಯನ್ನು ತಿರುಗಿಸಿಕೊಳ್ಳುತ್ತಾನೆ.

ಇಂಥ ಒಬ್ಬ ಡ್ರೈವರ್ ಗಾಡಿ ಎಲೆಕ್ಟ್ರಿಕಲ್ ಕೆಲಸ ಮಾಡುವ ನನ್ನ ಹತ್ತಿರ ಬಂದು ಹೇಳಿದ ಮಾತು ಇವತ್ತಿನ ಭಾಷಣಕ್ಕೆ ಕಾರಣ. "ಅಣ್ಣಾ, ಹೊಸಪೇಟೆ ರೋಡಿಗೆ ಹೋದ್ರ ಏನೂ ಇಲ್ಲ, ಬೆಣ್ಣಿ ಇದ್ದಂಗ ಓಡ್ತೈತಿ. ನಮ್ಮ ಗಲ್ಲಿಗೆ ಬಂದ್ರ ಮಾತ್ರ ಸ್ಟೀರಿಂಗ್ ಲೈಟ್ ಹತ್ತತೈತಿ, ಸ್ಟೀರಿಂಗ್ ಕಲ್ಲಾಗತೈತಿ. ಸ್ಟೀರಿಂಗ್ ಮೋಟರ್ ಬದಲಿ ಮಾಡಬೇಕು ಅಂದಾರ." ಮೋಟರಿನ ಬೆಲೆ ಕೇಳಿ ಅವನ ಮುಖ ಸಣ್ಣಗಾಗಿತ್ತು. ಗಾಡಿಯ ಮೇಲೆ ಇನ್ನೂ ಸಾಲದ ಕಂತು ಬಾಕಿ ಇತ್ತು.

ಅವನು ಹೇಳಿದ್ದರಲ್ಲಿಯೇ ಉತ್ತರ ಅಡಗಿತ್ತು. ಈ ಗಾಡಿಗಳಲ್ಲಿ ಸ್ಟೀರಿಂಗಿಗೆ ಬಲ ಕೊಡುವುದು ಎಣ್ಣೆಯ ಪಂಪಲ್ಲ, ಬ್ಯಾಟರಿಯಿಂದ ಓಡುವ ಮೋಟರು. ಹೆದ್ದಾರಿಯಲ್ಲಿ ನೇರ ಹೋಗುವಾಗ ಅದಕ್ಕೆ ಕೆಲಸವೇ ಇಲ್ಲ. ಗಾಡಿ ನಿಂತಿದ್ದು, ಮೇಲೆ ಲೋಡಿದ್ದು, ಟೈರು ನೆಲಕ್ಕೆ ಒತ್ತಿಕೊಂಡಿದ್ದಾಗ ಸ್ಟೀರಿಂಗ್ ತಿರುಗಿಸಿದರೆ ಆ ಮೋಟರು ಒಮ್ಮೆಲೇ ಮೂವತ್ತು, ನಲವತ್ತು ಆಂಪಿಯರ್ ಎಳೆಯುತ್ತದೆ. ಎಂಜಿನ್ ಐಡಲ್‌ನಲ್ಲಿರುವುದರಿಂದ ಆಲ್ಟರ್ನೇಟರ್ ಕೂಡ ನಿಧಾನಕ್ಕೆ ತಿರುಗುತ್ತಿರುತ್ತದೆ. ಅಂದರೆ ಕೌಲ್ ಬಜಾರಿನ ಗಲ್ಲಿಯೇ ಆ ವೈರಿಂಗಿಗೆ ಪರೀಕ್ಷೆ. ಗಲ್ಲಿಯಲ್ಲಿ ಮಾತ್ರ ತೊಂದರೆ ಎಂದಾಗ ಮೊದಲು ಸಂಶಯಪಡಬೇಕಾದ್ದು ಮೋಟರನ್ನಲ್ಲ, ಮೋಟರಿಗೆ ಕರೆಂಟು ತಲುಪುವ ಮತ್ತು ಅದು ವಾಪಸು ಬರುವ ದಾರಿಯನ್ನು.

ಅವನನ್ನೇ ಸ್ಟೀರಿಂಗ್ ಹಿಡಿಸಿ ಕೂರಿಸಿದೆ. ಅವನು ಫುಲ್ ಕಟ್ ಹೊಡೆಯುತ್ತಿದ್ದಾಗ ಮೀಟರ್ ಹಿಡಿದೆ. ಬ್ಯಾಟರಿಯ ಎರಡು ಕಂಬಗಳ ನಡುವೆ 13.4 ವೋಲ್ಟ್ ಇತ್ತು. ಸ್ಟೀರಿಂಗ್ ಬಾಕ್ಸಿನ, ಅಂದರೆ ಆ ಮೋಟರನ್ನು ನಡೆಸುವ ಕಂಪ್ಯೂಟರಿನ, ಕಪ್ಲರ್ ಹತ್ತಿರ 10.8. ನಡುವೆ 2.6 ವೋಲ್ಟ್ ಎಲ್ಲೋ ಸೋರಿಹೋಗಿತ್ತು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಮೋಟರಿನ ಪ್ಲಸ್ಸಿಗೆ ಇಟ್ಟರೆ 0.3. ಅಷ್ಟು ಪರವಾಗಿಲ್ಲ. ಬ್ಯಾಟರಿಯ ಮೈನಸ್ಸಿಗೂ ಮೋಟರಿನ ಅರ್ಥಿಗೂ ಇಟ್ಟರೆ 2.3 ವೋಲ್ಟ್! ಬ್ಯಾಟರಿಯಿಂದ ಬಾಡಿಗೆ ಬರುವ ದಪ್ಪ ಅರ್ಥ್ ಪಟ್ಟಿಯ ಬೋಲ್ಟಿನ ಕೆಳಗೆ ತುಕ್ಕು, ತುಕ್ಕಿನ ಮೇಲೆ ಯಾರೋ ಹೊಡೆದ ಬಣ್ಣ. ಬೋಲ್ಟ್ ಬಿಚ್ಚಿ, ಎಮರಿ ಕಾಗದದಿಂದ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿಮಾಡಿ, ಮೇಲೆ ಗ್ರೀಸ್ ಸವರಿದೆ. ಮತ್ತೆ ಅಳೆದಾಗ 0.1 ವೋಲ್ಟ್. ದೀಪ ಹತ್ತಲಿಲ್ಲ. ಖರ್ಚಾದದ್ದು ಒಂದು ಹಾಳೆ ಎಮರಿ ಮತ್ತು ಅರ್ಧ ಗಂಟೆ.

ಇದನ್ನು ನನ್ನ ಜಾಣತನ ತೋರಿಸಲು ಹೇಳುತ್ತಿಲ್ಲ. ಗಾಡಿ ಎಲೆಕ್ಟ್ರಿಕಲ್ ಕೆಲಸದಲ್ಲಿರುವ ತಮ್ಮಂದಿರು ಮತ್ತು ಐಟಿಐಯಲ್ಲಿ ಓದುತ್ತಿರುವ ಮಕ್ಕಳು ಈ ಒಂದು ಅಳತೆಯನ್ನು ಕಲಿತರೆ ನಮ್ಮ ಜಿಲ್ಲೆಯ ಎಷ್ಟೋ ಡ್ರೈವರ್‌ಗಳ ಹಣ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಇದಕ್ಕೆ ವೋಲ್ಟೇಜ್ ಡ್ರಾಪ್ ಎನ್ನುತ್ತಾರೆ. ನಮ್ಮ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತುಂಗಭದ್ರೆಯ ಕಾಲುವೆ ನೋಡಿ. ಮೇಲಿನ ತೂಬಿನ ಹತ್ತಿರ ನಿಂತವನು "ನೀರು ತುಂಬಿ ಹರೀತೈತಿ" ಎನ್ನುತ್ತಾನೆ. ಕೊನೆ ಭಾಗದ ಸಿರುಗುಪ್ಪದ ರೈತ "ನಮ್ಮ ಗದ್ದೆಗೆ ಹನಿ ಬಂದಿಲ್ಲ" ಎನ್ನುತ್ತಾನೆ. ಇಬ್ಬರೂ ಹೇಳುವುದು ನಿಜ. ನೀರು ಎಲ್ಲಿ ಸೋರಿತು ಎಂದು ತಿಳಿಯಬೇಕಾದರೆ ಕಾಲುವೆಯ ಉದ್ದಕ್ಕೂ ನಡೆದು ಅಲ್ಲಲ್ಲಿ ಮಟ್ಟ ನೋಡಬೇಕು, ಅದೂ ನೀರು ಹರಿಯುತ್ತಿರುವಾಗ. ನೀರು ನಿಂತ ಕಾಲುವೆಯಲ್ಲಿ ಎಲ್ಲ ಕಡೆ ಮಟ್ಟ ಒಂದೇ ಇರುತ್ತದೆ. ವೈರಿನದೂ ಇದೇ ಕಥೆ. ಇಪ್ಪತ್ತು ಎಳೆಗಳ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಕಂಟಿನ್ಯೂಟಿ ನೋಡಿದರೆ ಮೀಟರ್ 'ಕುಂಯ್' ಎಂದು ಕೂಗಿ 'ವೈರ್ ಸರಿ ಇದೆ' ಎನ್ನುತ್ತದೆ. ಲೋಡ್ ಹಾಕಿ ಕರೆಂಟ್ ಹರಿಸಿ ಅಳೆದಾಗ ಮಾತ್ರ ಆ ಒಂದು ಎಳೆಯ ಬಡತನ ಗೊತ್ತಾಗುತ್ತದೆ. ಸೆನ್ಸರಿನ ಅರ್ಥಿನಲ್ಲಿ 0.1 ವೋಲ್ಟಿಗಿಂತ ಹೆಚ್ಚು ಸೋರಬಾರದು. ಹೆಚ್ಚು ಕರೆಂಟ್ ಎಳೆಯುವ ಸರ್ಕೀಟಿನಲ್ಲಿ ಕಾಲು ವೋಲ್ಟಿನ ಆಸುಪಾಸು ತಡೆದುಕೊಳ್ಳಬಹುದು. ಅದಕ್ಕಿಂತ ಹೆಚ್ಚಾದರೆ ಜಾಯಿಂಟು ಬಿಚ್ಚಿ ನೋಡಲೇಬೇಕು.

ಹಿಂದಿನ ಗಾಡಿಗಳಲ್ಲಿ ಇಷ್ಟು ಸೂಕ್ಷ್ಮ ಬೇಕಿರಲಿಲ್ಲ. ನಾನು ಕೆಲಸ ಕಲಿತಾಗ ಮ್ಯಾಟಡೋರ್, 407ಗಳ ಕಾಲ. ಅರ್ಥ್ ಸ್ವಲ್ಪ ಕೆಟ್ಟರೆ ಹೆಡ್‌ಲೈಟ್ ಮಂಕಾಗುತ್ತಿತ್ತು, ಹಾರ್ನ್ ಕೆಮ್ಮುತ್ತಿತ್ತು, ಅಷ್ಟೇ. 2005ರಲ್ಲಿ ಟಾಟಾ ಏಸ್ ಬಂದಾಗಲೂ ಅದರ ವೈರಿಂಗ್ ಒಂದು ಮಧ್ಯಾಹ್ನದಲ್ಲಿ ಬಾಯಿಪಾಠವಾಗುವಷ್ಟು ಸರಳವಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಅದರೊಂದಿಗೆ ಹೊಗೆಯನ್ನು ಕಾಯುವ ಸೆನ್ಸರುಗಳು ಬಂದವು, ಅವುಗಳ ಜೊತೆಜೊತೆಗೇ ಡ್ರೈವರನಿಗೆ ನೆರವಾಗುವ ಸಾಧನಗಳೂ ಹೆಚ್ಚಿದವು. ಚಕ್ರ ಕಚ್ಚಿ ಜಾರದಂತೆ ಕಾಯುವ ಎಬಿಎಸ್, ಕರೆಂಟ್ ಸ್ಟೀರಿಂಗ್, ಹಿಂದೆ ಅಡ್ಡ ಬಂದದ್ದನ್ನು ತಿಳಿಸುವ ರಿವರ್ಸ್ ಸೆನ್ಸರ್, ಯಾವಾಗ ಗೇರ್ ಬದಲಿಸಬೇಕೆಂದು ಹೇಳುವ ಬಾಣದ ಗುರುತು, ಬೆಲ್ಟ್ ಹಾಕದಿದ್ದರೆ ಕೂಗುವ ಬಜರ್, ವೇಗಕ್ಕೆ ಲಗಾಮು ಹಾಕುವ ಸ್ಪೀಡ್ ಗವರ್ನರ್. ಇಸುಜು ವಿ-ಕ್ರಾಸ್, 2022ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೊಟಾ ಹೈಲಕ್ಸ್‌ನಂಥ ದೊಡ್ಡ ಪಿಕಪ್‌ಗಳಲ್ಲಿ ಗಾಡಿ ತಿರುವಿನಲ್ಲಿ ಜಾರದಂತೆ, ದಿಬ್ಬದಲ್ಲಿ ಹಿಂದೆ ಬರದಂತೆ ಹಿಡಿಯುವ ವ್ಯವಸ್ಥೆಯೂ ಇದೆ. ಕಾರುಗಳಲ್ಲಂತೂ ಗಾಜಿನ ಹಿಂದೆ ಕ್ಯಾಮೆರಾ, ಬಂಪರ್ ಹತ್ತಿರ ರೇಡಾರ್ ಬಂದಿವೆ. ಮಹೀಂದ್ರದ ಎಕ್ಸ್‌ಯುವಿ 700 ಅವನ್ನು 2021ರಲ್ಲಿ ತಂದಿತು. ನಾಳೆ ಅವು ಪಿಕಪ್‌ಗೂ ಬರುತ್ತವೆ. ಗಲ್ಫಿಗೆ ಡ್ರೈವರ್ ಕೆಲಸಕ್ಕೆ ಹೋದ ನಮ್ಮ ಹುಡುಗರು ಅಂಥ ಗಾಡಿಗಳನ್ನು ಈಗಾಗಲೇ ಓಡಿಸುತ್ತಿದ್ದಾರೆ.

ಇವೆಲ್ಲ ಪರಸ್ಪರ ಮಾತಾಡುವುದು ಎರಡೇ ಎರಡು ತೆಳು ವೈರುಗಳ ಮೇಲೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರಗೆಡವಿದ ಈ ಪದ್ಧತಿಗೆ ಕ್ಯಾನ್ ಎಂದು ಹೆಸರು. ಎಬಿಎಸ್ ಬಾಕ್ಸ್, ಎಂಜಿನ್ ಬಾಕ್ಸ್, ಸ್ಟೀರಿಂಗ್ ಬಾಕ್ಸ್, ಮೀಟರ್ ಬೋರ್ಡ್ ಎಲ್ಲವೂ ಆ ಜೋಡಿ ವೈರಿನ ಮೇಲೆ ಕೂತ ಹಕ್ಕಿಗಳ ಹಾಗೆ. ಒಂದು ಕೂಗಿದ್ದು ಎಲ್ಲಕ್ಕೂ ಕೇಳುತ್ತದೆ. ಚಕ್ರದ ಸೆನ್ಸರ್ ಕೊಟ್ಟ ವೇಗವನ್ನು ಎಬಿಎಸ್ ಬಾಕ್ಸ್ ಹೇಳುತ್ತದೆ, ಅದನ್ನು ಸ್ಟೀರಿಂಗ್ ಬಾಕ್ಸ್ ಕೇಳಿಸಿಕೊಂಡು ವೇಗ ಹೆಚ್ಚಿದ ಹಾಗೆ ಸ್ಟೀರಿಂಗನ್ನು ಬಿಗಿ ಮಾಡುತ್ತದೆ. ಹೀಗಾಗಿ ಒಂದು ಚಕ್ರದ ಸೆನ್ಸರ್ ಕೆಟ್ಟರೆ ಮೂರು ದೀಪ ಹತ್ತುವುದು ಆಶ್ಚರ್ಯವಲ್ಲ. ಮೂರು ದೀಪ ಕಂಡೊಡನೆ ಮೂರು ಬಾಕ್ಸ್ ಕೆಟ್ಟಿವೆ ಎಂದು ತೀರ್ಮಾನಿಸುವವರ ಕೈಗೆ ಗಾಡಿ ಕೊಡಬೇಡಿ.

ಈಗ ಸಿರುಗುಪ್ಪದ ಒಂದು ಗಾಡಿಯ ವಿಷಯ. ಇದು ನನ್ನನ್ನು ಮೂರು ದಿನ ಕಾಡಿದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಭತ್ತದ ಚೀಲ ಹೊರುವ ಪಿಕಪ್. ಎಬಿಎಸ್ ದೀಪ ಹತ್ತುತ್ತದೆ, ಆರುತ್ತದೆ. ಒಂದು ವರ್ಕ್‌ಶಾಪಿನಲ್ಲಿ ಎಬಿಎಸ್ ಬಾಕ್ಸೇ ಹೋಗಿದೆ ಎಂದು ಹತ್ತಾರು ಸಾವಿರದ ಅಂದಾಜು ಬರೆದುಕೊಟ್ಟಿದ್ದರು. ಮಾಲೀಕರು ನನ್ನ ಬಳಿ ತಂದರು. ಸ್ಕ್ಯಾನರ್ ಹಾಕಿದೆ, ಹಿಂದಿನ ಎಡಚಕ್ರದ ಸೆನ್ಸರಿನ ದೋಷದ ಕೋಡ್ ಬಂತು. ಸೆನ್ಸರ್ ಬಿಚ್ಚಿ ನೋಡಿದರೆ ಸ್ವಚ್ಛ. ವೈರ್ ಅಳೆದರೆ ಸರಿ. ಕೋಡ್ ಅಳಿಸಿ ಕೌಲ್ ಬಜಾರಿನಿಂದ ಮೋತಿ ಸರ್ಕಲ್ ತನಕ ಓಡಿಸಿದೆ, ದೀಪವಿಲ್ಲ. ಕೊಟ್ಟು ಕಳಿಸಿದೆ. ಮಾರನೇ ದಿನ ಫೋನು: "ಮತ್ತ ಹತ್ತೈತಿ." ಮತ್ತೆ ತಂದರು, ಮತ್ತೆ ಏನೂ ಇಲ್ಲ. ಮೂರನೇ ದಿನ ನಾನೇ ಸಿರುಗುಪ್ಪಕ್ಕೆ ಹೋದೆ. ರೈಸ್ ಮಿಲ್ಲಿನ ಅಂಗಳದಲ್ಲಿ ಗಾಡಿಗೆ ಚೀಲ ಏರಿಸುತ್ತಿದ್ದರು. ಹಮಾಲರು ಚೀಲ ಹಾಕಿದ ಹಾಗೆಲ್ಲ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಚಪ್ಪಟೆಯಾಗುತ್ತ ಬಂದವು. ಅದನ್ನು ನೋಡುತ್ತಿದ್ದಾಗ ಹೊಳೆಯಿತು: ನನ್ನ ಅಂಗಡಿಗೆ ಗಾಡಿ ಯಾವಾಗಲೂ ಖಾಲಿ ಬರುತ್ತಿತ್ತು!

ಕೆಳಗೆ ಮಲಗಿ ನೋಡಿದೆ. ಲೋಡ್ ಬಿದ್ದು ಆಕ್ಸಲ್ ಮೇಲೆ ಬಂದಾಗ ಸೆನ್ಸರಿನ ವೈರು ಚಾಸಿಸ್ ಕ್ಲಿಪ್ಪಿನ ಹತ್ತಿರ ಮೊಣಕೈ ಹಾಗೆ ಮಡಚುತ್ತಿತ್ತು. ಮೇಲಿನ ರಬ್ಬರು ಗಟ್ಟಿಯಾಗಿಯೇ ಇತ್ತು, ಒಳಗಿನ ತಾಮ್ರ ಮಾತ್ರ ಮಡಚಿ ಮಡಚಿ ತುಂಡಾಗಿತ್ತು. ಖಾಲಿ ಇದ್ದಾಗ ತುಂಡಾದ ಎರಡು ತುದಿ ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು, ಲೋಡ್ ಬಿದ್ದಾಗ ಬಿಟ್ಟುಕೊಳ್ಳುತ್ತಿದ್ದವು. ಅಷ್ಟು ಭಾಗ ಕತ್ತರಿಸಿ ಹೊಸ ವೈರು ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ತೊಡಿಸಿ, ಮಡಚದ ಹಾಗೆ ಕ್ಲಿಪ್ ಜಾಗ ಬದಲಿಸಿ ಕಟ್ಟಿದೆ. ಅಂದಿನಿಂದ ನಾನು ಮೊದಲು ಕೇಳುವ ಪ್ರಶ್ನೆ ಬದಲಾಗಿದೆ. "ಏನಾಗೈತಿ?" ಎಂದು ಕೇಳುವುದಿಲ್ಲ, "ಯಾವಾಗ ಆಗ್ತೈತಿ?" ಎಂದು ಕೇಳುತ್ತೇನೆ. ಲೋಡಿದ್ದಾಗಲೋ ಖಾಲಿಯಿದ್ದಾಗಲೋ, ಮಳೆ ಬಂದಾಗಲೋ, ಎಂಜಿನ್ ಕಾದ ಮೇಲೋ, ಎಡಕ್ಕೆ ತಿರುಗಿಸಿದಾಗಲೋ? ಡ್ರೈವರಿಗೆ ಗೊತ್ತಿರುವಷ್ಟು ಸ್ಕ್ಯಾನರಿಗೆ ಗೊತ್ತಿರುವುದಿಲ್ಲ. ಅವನನ್ನು ಕೂರಿಸಿ ಒಂದು ಕಪ್ ಚಹಾ ಕುಡಿಸಿ ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಸ್ಕ್ಯಾನರ್ ಬೇಡ ಎನ್ನುತ್ತಿಲ್ಲ, ಅದು ಬೇಕೇ ಬೇಕು. ಆದರೆ ಕೋಡ್ ಎನ್ನುವುದು ಠಾಣೆಗೆ ಬಂದ ದೂರಿನ ಹಾಗೆ, ಕೋರ್ಟಿನ ತೀರ್ಪಲ್ಲ. ಸಿ 0035 ಎಂದು ಬಂದರೆ ಮುಂದಿನ ಎಡಚಕ್ರದ ವೇಗ ತಿಳಿಸುವ ಸರ್ಕೀಟಿನಲ್ಲಿ ದೋಷ ಎಂದರ್ಥ. ಸರ್ಕೀಟು ಎಂದರೆ ಸೆನ್ಸರ್ ಒಂದೇ ಅಲ್ಲ. ವೈರು, ಕಪ್ಲರು, ಅದರೊಳಗಿನ ಪಿನ್ನು, ಚಕ್ರದ ಹಲ್ಲಿನ ಬಳೆ, ಬೇರಿಂಗು ಎಲ್ಲ ಸೇರಿ ಸರ್ಕೀಟು. ಯು ಅಕ್ಷರದಿಂದ ಶುರುವಾಗುವ ಕೋಡ್ ಬಂದರೆ ಬಾಕ್ಸುಗಳ ನಡುವಿನ ಮಾತು ನಿಂತಿದೆ ಎಂದರ್ಥ. ಯು 0121 ಎಂದರೆ ಎಬಿಎಸ್ ಬಾಕ್ಸಿನ ದನಿ ಉಳಿದವರಿಗೆ ಕೇಳುತ್ತಿಲ್ಲ. ಬಾಕ್ಸ್ ಸತ್ತಿರಬಹುದು, ಆದರೆ ಅದಕ್ಕೆ ಕರೆಂಟೇ ಬರದಿದ್ದರೂ, ಅರ್ಥ್ ಇಲ್ಲದಿದ್ದರೂ ಇದೇ ಕೋಡ್ ಬರುತ್ತದೆ. ಮೊದಲು ಅದರ ಫ್ಯೂಜ್ ಮತ್ತು ಅರ್ಥ್ ನೋಡಿ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ, ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಕಪ್ಲರಿನಲ್ಲಿ 6 ಮತ್ತು 14ನೇ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಕ್ಯಾನ್ ವೈರಿನ ಎರಡೂ ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ ಮೀಟರ್ 60ರ ಆಸುಪಾಸು ತೋರಿಸಬೇಕು. 120 ತೋರಿಸಿದರೆ ಒಂದು ಕಡೆ ವೈರು ತುಂಡಾಗಿದೆ. ಸೊನ್ನೆಗೆ ಹತ್ತಿರವಾದರೆ ಎರಡು ವೈರು ಎಲ್ಲೋ ಒಂದಕ್ಕೊಂದು ತಾಗಿವೆ. ಕೆಲವು ಗಾಡಿಗಳಲ್ಲಿ ನಡುವೆ ಗೇಟ್‌ವೇ ಬಾಕ್ಸ್ ಇದ್ದು ಅಳತೆ ಬೇರೆ ಬರುತ್ತದೆ, ಅಲ್ಲಿ ಕಂಪನಿಯ ವೈರಿಂಗ್ ನಕ್ಷೆ ನೋಡಲೇಬೇಕು. ಈ ಎರಡು ವೈರುಗಳನ್ನು ಕಂಪನಿಯವರು ಜಡೆಯ ಹಾಗೆ ಹೆಣೆದಿರುತ್ತಾರೆ, ಹೊರಗಿನ ಗದ್ದಲ ಒಳಗೆ ಬರದಿರಲೆಂದು. ರಿಪೇರಿ ಮಾಡಿದ ಮೇಲೆ ಆ ಹೆಣಿಗೆಯನ್ನು ಹಾಗೆಯೇ ಉಳಿಸಬೇಕು.

ಚಕ್ರದ ಸೆನ್ಸರ್ ಬಗ್ಗೆ ಇನ್ನೊಂದು ಮಾತು. ಇದರಲ್ಲಿ ಎರಡು ಜಾತಿ. ಹಳೆಯ ಜಾತಿಯೊಳಗೆ ಬರೀ ಅಯಸ್ಕಾಂತ ಮತ್ತು ತಂತಿಯ ಸುರುಳಿ. ಓಮ್ ಅಳೆದರೆ ಸಾಮಾನ್ಯವಾಗಿ ಸಾವಿರದ ಆಸುಪಾಸು ಬರುತ್ತದೆ, ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಎಸಿ ವೋಲ್ಟೇಜ್ ಕಾಣಿಸುತ್ತದೆ. ಹೊಸ ಜಾತಿಯೊಳಗೆ ಎಲೆಕ್ಟ್ರಾನಿಕ್ಸ್ ಇದೆ, ಅದಕ್ಕೆ ಓಮ್ ಮೀಟರ್ ಇಡಲೇಬಾರದು. ಇಂಥ ಸರ್ಕೀಟಿಗೆ ನಮ್ಮ ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪ್ ಇಟ್ಟರೆ ಬಾಕ್ಸೇ ಸುಡಬಹುದು. ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಮುಟ್ಟಲೇಬೇಡಿ.

ನಮ್ಮೂರಿನ ಮಣ್ಣೂ ಈ ಸೆನ್ಸರುಗಳನ್ನು ಸುಮ್ಮನೆ ಬಿಡುವುದಿಲ್ಲ. ಸಂಡೂರಿನ ಅದಿರಿನ ಧೂಳು ಅಯಸ್ಕಾಂತಕ್ಕೆ ಅಂಟಿ ಸೆನ್ಸರ್ ಕೆಡುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಅಲ್ಲಿನ ಅದಿರು ಹೆಚ್ಚಾಗಿ ಹೆಮಟೈಟ್, ಅದು ಅಯಸ್ಕಾಂತಕ್ಕೆ ಗಟ್ಟಿಯಾಗಿ ಹತ್ತುವುದಿಲ್ಲ. ಸೆನ್ಸರ್ ಮೂಗಿಗೆ ಹತ್ತಿಕೊಳ್ಳುವುದು ಬ್ರೇಕ್ ಡ್ರಮ್ಮು, ಬೇರಿಂಗಿನಿಂದ ಸವೆದು ಬಿದ್ದ ಕಬ್ಬಿಣದ ಪುಡಿ. ಆದರೆ ಗ್ರೀಸು ಸೋರಿ ಅದರ ಮೇಲೆ ಕೆಂಪು ಧೂಳು ಕೂತರೆ ಕಡಪಾಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಸಿರುಗುಪ್ಪದ ಕಡೆಯ ಎರೆ ಮಣ್ಣು ಇನ್ನೂ ಕೆಟ್ಟದ್ದು. ಗದ್ದೆಯ ದಾರಿಯಲ್ಲಿ ಹಲ್ಲಿನ ಬಳೆಯ ಸಂದಿಗೆ ತುಂಬಿಕೊಂಡು ಬಿಸಿಲಿಗೆ ಒಣಗಿದರೆ ಸೆನ್ಸರಿಗೆ ಹಲ್ಲು ಯಾವುದು, ಸಂದಿ ಯಾವುದು ತಿಳಿಯುವುದಿಲ್ಲ. ರಿವರ್ಸ್ ಸೆನ್ಸರ್ ಮೇಲೆ ಮೆತ್ತಿಕೊಂಡರೆ ಅದಕ್ಕೆ ಯಾವಾಗಲೂ ಎದುರಿಗೆ ಗೋಡೆ ಇದ್ದಂತೆಯೇ. ಆ ಸೆನ್ಸರ್ ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಶ್ರುತಿಯ ದನಿಯನ್ನು ಕಳಿಸಿ ಅದರ ಪ್ರತಿಧ್ವನಿ ಕೇಳುತ್ತದೆ, ಬಾವಲಿಯ ಹಾಗೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ವಾಟರ್ ಸರ್ವೀಸಿನ ಜೆಟ್ಟನ್ನು ಹತ್ತಿರದಿಂದ ಹೊಡೆಯಬೇಡಿ. ಕಪ್ಲರಿನ ರಬ್ಬರು ದಾಟಿ ಒಳಗೆ ಹೋದ ನೀರು ತಿಂಗಳ ನಂತರ ಹಸಿರು ತುಕ್ಕಾಗಿ ಹೊರಗೆ ಕಾಣುತ್ತದೆ.

ಕುರುಗೋಡಿನಿಂದ ಬಂದ ಒಂದು ಗಾಡಿಯಲ್ಲಿ ರಿವರ್ಸ್ ಹಾಕಿದೊಡನೆ ಬಜರ್ ಬಿಡದೆ ಕೂಗುತ್ತಿತ್ತು. ಸೆನ್ಸರ್ ಸ್ವಚ್ಛವಾಗಿತ್ತು. ನೋಡಿದರೆ ಹಿಂದೆ ಹೊಸದಾಗಿ ಕಬ್ಬಿಣದ ಗಾರ್ಡ್ ವೆಲ್ಡ್ ಮಾಡಿಸಿದ್ದರು, ಅದರ ಒಂದು ಕಂಬಿ ಸರಿಯಾಗಿ ಸೆನ್ಸರಿನ ಮುಂದೆ. ಸೆನ್ಸರ್ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿತ್ತು. ವೆಲ್ಡಿಂಗ್ ಎಂದಾಗ ಇದನ್ನೂ ಹೇಳಿಬಿಡುತ್ತೇನೆ. ಪಿಕಪ್ ತಂದವರೆಲ್ಲ ಬಾಡಿ ಎತ್ತರಿಸುತ್ತಾರೆ, ಆಂಗಲ್ ಕಟ್ಟಿಸುತ್ತಾರೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಸಿ, ವೆಲ್ಡಿಂಗಿನ ಅರ್ಥನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಿ. ಮುಂದಿನ ಬಂಪರಿಗೆ ಅರ್ಥ್ ಕೊಟ್ಟು ಹಿಂದಿನ ಡಾಲಾ ಬೆಸೆದರೆ ಆ ನೂರಾರು ಆಂಪಿಯರ್ ಕರೆಂಟು ನಡುವೆ ಸಿಕ್ಕ ಸೆನ್ಸರು, ಬಾಕ್ಸುಗಳ ಮೂಲಕವೂ ದಾರಿ ಹುಡುಕುತ್ತದೆ. ಹೀಗೆ ಸತ್ತ ಬಾಕ್ಸುಗಳನ್ನು ನಾನು ನೋಡಿದ್ದೇನೆ, ಅವು ಮತ್ತೆ ಬದುಕುವುದಿಲ್ಲ.

ವೈರು ಕಡಿಯುವ ಇಲಿಯ ಕಾಟ ಭತ್ತದ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಸುಗ್ಗಿ ಮುಗಿದು ಗಾಡಿ ವಾರಗಟ್ಟಲೆ ಕಣದಲ್ಲಿ ನಿಂತರೆ ಬಾನೆಟ್ ತೆಗೆದು ನೋಡದೆ ಸ್ಟಾರ್ಟ್ ಮಾಡಬೇಡಿ.

ನಾವೇ ತಂದುಕೊಳ್ಳುವ ತೊಂದರೆಗಳು ಇಲಿಗಿಂತ ಹೆಚ್ಚು. ಬಂಪರಿಗೆ 55 ವ್ಯಾಟಿನ ನಾಲ್ಕು ಲೈಟು ಕಟ್ಟಿದರೆ ಒಟ್ಟು ಹದಿನೆಂಟು ಆಂಪಿಯರ್. ಅದನ್ನು ರಿಲೇ ಇಲ್ಲದೆ ಹೆಡ್‌ಲೈಟಿನ ವೈರಿಗೇ ಕಚ್ಚಿಸಿದರೆ ಫ್ಯೂಜ್ ಹೋಗುತ್ತದೆ. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಜ್ ಹೋಯಿತೆಂದು ಹಸಿರಿನ 30 ಹಾಕುತ್ತಾರೆ. ಅದೂ ಹೋದರೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುತ್ತಾರೆ. ಈಗ ಸುಡುವುದು ಫ್ಯೂಜಲ್ಲ, ವೈರು. ವೈರು ಸುಟ್ಟರೆ ಕ್ಯಾಬಿನ್. ಫ್ಯೂಜ್ ಎರಡನೇ ಸಲ ಹೋದರೆ ಅದು ಎಚ್ಚರಿಕೆ. ಅಲ್ಲಿಗೆ ಕೈ ನಿಲ್ಲಿಸಿ ಎಲ್ಲಿ ಶಾರ್ಟಾಗಿದೆ ಎಂದು ಹುಡುಕಬೇಕು.

ಎಲ್ಲಕ್ಕಿಂತ ಮೊದಲು ಬ್ಯಾಟರಿ. ಬಳ್ಳಾರಿಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಆ ಶಾಖಕ್ಕೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ ಅಳೆದರೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧಕ್ಕೆ ಬಂದಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗಿರಬೇಕು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದರೆ ಬಾಕ್ಸುಗಳು ಗಾಬರಿಯಾಗಿ ಇಲ್ಲಸಲ್ಲದ ಕೋಡು ಬರೆದಿಟ್ಟುಕೊಳ್ಳುತ್ತವೆ. ಬ್ಯಾಟರಿ ಸರಿಯಿಲ್ಲದ ಗಾಡಿಯ ಕೋಡು ಓದುವುದು ಜ್ವರದಲ್ಲಿದ್ದವನ ಬಡಬಡಿಕೆ ಬರೆದುಕೊಂಡಂತೆ. ಟರ್ಮಿನಲ್ಲಿಗೆ ಬಿಳಿ ಪುಡಿ ಹತ್ತಿದ್ದರೆ ಬಿಸಿನೀರಿನಲ್ಲಿ ಅಡುಗೆ ಸೋಡಾ ಕರಗಿಸಿ ತೊಳೆದು ಒಣಗಿಸಿ.

ಒಂದು ಸಣ್ಣ ಸಾಮಾನಿನ ಹೆಸರನ್ನು ನೀವು ನೆನಪಿಡಬೇಕು, ಬ್ರೇಕ್ ಲೈಟ್ ಸ್ವಿಚ್. ಬ್ರೇಕ್ ಪೆಡಲಿನ ಮೇಲ್ಗಡೆ ಇರುತ್ತದೆ. ಡ್ರೈವರ್ ಬ್ರೇಕ್ ಒತ್ತಿದನೋ ಇಲ್ಲವೋ ಎಂಬ ಸುದ್ದಿ ಹಿಂದಿನ ಲೈಟಿಗೆ ಮಾತ್ರವಲ್ಲ, ಎಂಜಿನ್ ಬಾಕ್ಸಿಗೆ, ಎಬಿಎಸ್‌ಗೆ, ದಿಬ್ಬದಲ್ಲಿ ಹಿಡಿಯುವ ವ್ಯವಸ್ಥೆಗೆ ಎಲ್ಲಕ್ಕೂ ಇಲ್ಲಿಂದಲೇ ಹೋಗುವುದು. ಇದು ಸವೆದರೆ ಸಂಬಂಧವೇ ಇಲ್ಲದಂತೆ ಕಾಣುವ ಮೂರ್ನಾಲ್ಕು ಕಡೆ ತೊಂದರೆ ಕಾಣುತ್ತದೆ. ಬೆಲೆ ಕೆಲವು ನೂರು ರೂಪಾಯಿ. ಗೋಡೆಗೆ ಬೆನ್ನು ಮಾಡಿ ರಾತ್ರಿ ಗಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ಹಿಂದೆ ಕೆಂಪು ಬೆಳಕು ಬಿದ್ದಿತೋ ನೋಡುವುದಕ್ಕೆ ಯಾವ ಮಿಸ್ತ್ರಿಯೂ ಬೇಕಿಲ್ಲ.

ಕ್ಯಾಮೆರಾ ಇರುವ ಗಾಡಿಯ ಮುಂದಿನ ಗಾಜು ಒಡೆದು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ನೆಟ್ಟಗೆ ಕೂರಿಸಿ ಕಂಪ್ಯೂಟರಿನಲ್ಲಿ ಹೊಂದಿಸಲೇಬೇಕು. ಸ್ಟೀರಿಂಗ್ ಕೋನದ ಸೆನ್ಸರ್ ಇರುವ ಗಾಡಿಗೆ ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಅದಕ್ಕೆ 'ನೇರ' ಯಾವುದೆಂದು ಮತ್ತೆ ಕಲಿಸಬೇಕಾಗಬಹುದು. ಇದನ್ನು ಕೇಳಿ ಮಾಡಿಸಿಕೊಳ್ಳುವುದು ಗಿರಾಕಿಯ ಹಕ್ಕು.

ಇಷ್ಟು ಹೊತ್ತು ಮಿಸ್ತ್ರಿಗಳಿಗೆ ಹೇಳಿದೆ. ಈಗ ಗಾಡಿಯವರಿಗೆ. ಕೀ ತಿರುಗಿಸಿದಾಗ ಎಬಿಎಸ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಅದು ಹತ್ತಲೇ ಇಲ್ಲವೆಂದರೆ ದೀಪ ಕೆಟ್ಟಿರಬಹುದು, ಇಲ್ಲವೇ ಯಾರೋ ಅದನ್ನು ಕಿತ್ತಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ತಪ್ಪದೆ ನೋಡಿ. ಹಳದಿ ಎಬಿಎಸ್ ದೀಪ ಒಂದೇ ಉಳಿದುಕೊಂಡರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಕಚ್ಚಿಕೊಂಡು ಜಾರಬಹುದು. ನಿಧಾನವಾಗಿ ಓಡಿಸಿ ಆದಷ್ಟು ಬೇಗ ತೋರಿಸಿ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ. ಲೋಡ್ ತಲುಪಿಸಿ ನೋಡೋಣ ಎನ್ನಬೇಡಿ.

ಸ್ಪೀಡ್ ಗವರ್ನರ್ ವೈರು ಕತ್ತರಿಸಿಕೊಡಿ ಎಂದು ಬರುವವರು ಇನ್ನೂ ಇದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮದ ಪ್ರಕಾರ 2015ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ತಯಾರಾದ ಸಾಗಣೆ ವಾಹನಗಳಿಗೆ, ಕೆಲವು ವಿನಾಯಿತಿ ಬಿಟ್ಟರೆ, ಗಂಟೆಗೆ 80 ಕಿಲೋಮೀಟರಿಗೆ ಕಟ್ಟಿದ ಗವರ್ನರ್ ಇರಲೇಬೇಕು. ಬೆಲ್ಟಿನ ಬಜರ್ ಕೂಗದಿರಲೆಂದು ಬರೀ ಕ್ಲಿಪ್ ಸಿಕ್ಕಿಸಿಡುವವರು, ರಿವರ್ಸ್ ಬಜರ್ ವೈರು ಕೀಳುವವರು, ಎಬಿಎಸ್ ಫ್ಯೂಜ್ ತೆಗೆದಿಡುವವರು ಎಲ್ಲರಿಗೂ ನನ್ನ ಉತ್ತರ ಒಂದೇ, ಆ ಕೆಲಸ ನಾನು ಮಾಡುವುದಿಲ್ಲ. ಕೌಲ್ ಬಜಾರಿನ ಗಲ್ಲಿಯಲ್ಲಿ ಗಾಡಿಯ ಹಿಂದೆ ಆಡುವುದು ನಮ್ಮದೇ ಮಕ್ಕಳು. ಆ ಬಜರ್ ಕೂಗುವುದು ಅವರಿಗಾಗಿ.

ಆದ್ದರಿಂದ ಕೇಳುಗರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಗಾಡಿಯಲ್ಲಿ ಇವತ್ತು ಯಾವುದಾದರೂ ದೀಪ ಉಳಿದುಕೊಂಡಿದ್ದರೆ ನಾಳೆ ಲೋಡಿಗೆ ಹೋಗುವ ಮೊದಲು ಬ್ಯಾಟರಿಯ ಎರಡು ಟರ್ಮಿನಲ್ಲು, ಬಾಡಿಗೆ ಬಂದ ಅರ್ಥ್ ಬೋಲ್ಟು ಬಿಚ್ಚಿಸಿ ಸ್ವಚ್ಛ ಮಾಡಿಸಿ. ಬಾಕ್ಸ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ, ಬಾಕ್ಸಿಗೆ ಎಷ್ಟು ವೋಲ್ಟ್ ಬರುತ್ತಿದೆ, ಅರ್ಥಿನಲ್ಲಿ ಎಷ್ಟು ಸೋರುತ್ತಿದೆ ಎಂದು ನಿಮ್ಮ ಕಣ್ಣೆದುರು ಮೀಟರಿನಲ್ಲಿ ತೋರಿಸಲು ಕೇಳಿ. ತೋರಿಸಿದ ಮೇಲೆಯೇ ಹಣ ಕೊಡಿ.